ಅವ್ವನಿಗೆ ಆಸ್ಟಿಯೊಪೊರೋಸಿಸ್ ಅಂದಿದ್ದಾರೆ, ಮಲಗಿಸಿಯೇ ಇಡಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಅವ್ವನಿಗೆ 66 ವರ್ಷ, ಬಾಗಲಕೋಟೆ ಹತ್ತಿರದ ಹಳ್ಳಿ, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಾಗಿರುವ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.9 ಬಂದಿದೆ. ಬಿದ್ದರೆ ಗತಿಯೇನು ಅಂತ ಮನೆಯವರೆಲ್ಲ ಸೇರಿ ಅವರನ್ನು ಹಾಸಿಗೆ ಬಿಟ್ಟು ಏಳಲು ಬಿಡುತ್ತಿಲ್ಲ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಸುಲಭವಾಗಿ ಮುರಿಯುವ ಕಾಯಿಲೆ ಅಂತಾರೆ, ಹಾಗಾಗಿ ನಿಮ್ಮ ಭಯ ಸುಳ್ಳಲ್ಲ. ಆದರೂ ದಯವಿಟ್ಟು ಅವರನ್ನು ಏಳಲು ಬಿಡಿ.

ನಾನು ಫಿಸಿಯೋಥೆರಪಿಸ್ಟ್. ನವನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಗೇ ಹೋಗಿ ವಯಸ್ಸಾದವರಿಗೆ ವ್ಯಾಯಾಮ ಮಾಡಿಸುತ್ತೇನೆ. ಮೈಭಾರ ಬಿದ್ದರೇನೇ ಎಲುಬು ಗಟ್ಟಿಯಾಗಿ ಉಳಿಯೋದು. ಮಲಗಿದಷ್ಟೂ ಅದು ಇನ್ನೂ ಸವೆಯುತ್ತದೆ, ತೊಡೆಯ ಬಲ ಹೋಗುತ್ತದೆ. ಆಮೇಲೆ ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಯಲ್ಲೇ ಬೀಳುತ್ತಾರೆ.

ಬೆನ್ನೆಲುಬಲ್ಲಿ ಈಗಾಗಲೇ ಬಿರುಕು ಇದೆಯಾ ಅಂತ ಡಾಕ್ಟರ್‌ಗೆ ಮೊದಲು ಕೇಳಿ. ಬಿರುಕು ಇಲ್ಲ ಅಂದರೆ ಒಂದು ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಕೈ ಊರದೆ ಎದ್ದು ನಿಲ್ಲೋದು, ನಿಧಾನಕ್ಕೆ ಕೂರೋದು, ಹತ್ತು ಸಲ. ಆಗದಿದ್ದರೆ ಮೊದಮೊದಲು ಕೈ ಊರಲಿ. ಅಡುಗೆ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸೋದು. ಜೊತೆಗೆ ಓಣಿಯಲ್ಲಿ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ನಡಿಗೆ. ಟಿವಿ ನೋಡಿ ಪಾದ ಮುಟ್ಟುವ ಯೋಗ ಮಾತ್ರ ಬೇಡ. ಮುಂದಕ್ಕೆ ಬಗ್ಗಿದಾಗ ಬೆನ್ನೆಲುಬಿನ ಮುಂಭಾಗದ ಮೇಲೆ ಒತ್ತಡ ಜಾಸ್ತಿ. ತುಂಬಿದ ಕೊಡ ಎತ್ತಿ ಪಕ್ಕಕ್ಕೆ ತಿರುಗುವಾಗ, ಬಸ್ಸಿನ ಹಿಂದಿನ ಸೀಟಲ್ಲಿ ಜೋರಾಗಿ ಎತ್ತಿ ಹಾಕಿದಾಗ, ಬೀಳದೆಯೂ ಬೆನ್ನೆಲುಬು ಮುರಿಯಬಹುದು. ಇದ್ದಕ್ಕಿದ್ದ ಹಾಗೆ ಬೆನ್ನು ನೋವು ಬಂದರೆ ಎಕ್ಸ್‌ರೇ ಮಾಡಿಸಿ, ವಯಸ್ಸಿಗೆ ಬಂದ ನೋವು ಅಂತ ಬಿಡಬೇಡಿ.

ಈಗ ಬಚ್ಚಲಿಗೆ ಬನ್ನಿ. ನಮ್ಮ ಕಡೆ ಫರ್ಸಿ ಹಾಸಿದ ಬಚ್ಚಲಲ್ಲಿ ಸೋಪಿನ ನೀರು ನಿಂತು ಮೂಲೆಯೆಲ್ಲ ಲೋಳೆ ಕಟ್ಟಿರುತ್ತದೆ. ಅದನ್ನು ಬ್ರಷ್ ಹಾಕಿ ತಿಕ್ಕಿಸಿ, ಒಣಗಿಸಿ. ಕೂತು ಸ್ನಾನ ಮಾಡಲು ಗಟ್ಟಿ ಸ್ಟೂಲ್ ಇಡಿ. ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಟವೆಲ್ ರಾಡ್ ನಂಬಬೇಡಿ, ಮೈಭಾರಕ್ಕೆ ಕಿತ್ತು ಬರುತ್ತದೆ. ರಾತ್ರಿ ಮಂಚದಿಂದ ಬಚ್ಚಲವರೆಗೂ ಒಂದು ಸಣ್ಣ ಬಲ್ಬ್ ಉರಿಯುತ್ತಿರಲಿ. ಪಡಸಾಲೆಯಲ್ಲಿ ಮಡಚದೆ ಬಿಟ್ಟ ಕೌದಿ, ನೆಲದ ಮೇಲಿನ ವೈರು ತೆಗೆಯಿರಿ. ಸೀರೆಯನ್ನು ಕಾಲ ಗಂಟು ಕಾಣುವಷ್ಟು ಮೇಲಕ್ಕೆ ಉಡಲಿ. ಬಿಪಿ ಅಥವಾ ನಿದ್ದೆ ಮಾತ್ರೆ ತಗೋತಿದ್ದರೆ ಎದ್ದ ಕೂಡಲೇ ನಡೆಯದೆ, ಮಂಚದ ಅಂಚಲ್ಲಿ ಒಂದು ನಿಮಿಷ ಕೂರಲಿ. ಕಣ್ಣಲ್ಲಿ ಪೊರೆ ಇದೆಯಾ ಅಂತಲೂ ತೋರಿಸಿ.

ವಾರಕ್ಕೊಂದು ಮಾತ್ರೆ ಅಂದಿದ್ದೀರಿ. ಅದು ಎಲುಬಿನ ಸವೆತ ತಡೆಯುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಆಗಿದ್ದರೆ ತಗೊಳ್ಳುವ ರೀತಿ ತುಂಬಾ ಮುಖ್ಯ. ಬೆಳಗ್ಗೆ ಖಾಲಿ ಹೊಟ್ಟೆಗೆ, ಒಂದು ತುಂಬಿದ ಲೋಟ ಬರೀ ನೀರಿನ ಜೊತೆ. ಚಹಾ ಅಲ್ಲ, ಹಾಲೂ ಅಲ್ಲ. ಆಮೇಲೆ ಕಡಿಮೆ ಅಂದರೂ ಅರ್ಧ ಗಂಟೆ ಏನೂ ತಿನ್ನದೆ ಕೂತಿರಬೇಕು, ಇಲ್ಲವೇ ನಿಂತಿರಬೇಕು. ಮತ್ತೆ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಕ್ಯಾಲ್ಸಿಯಂ ಮಾತ್ರೆ ಅದರ ಜೊತೆಗೇ ಬೇಡ, ಊಟದ ಹೊತ್ತಿಗಿರಲಿ. ಹಲ್ಲು ಕೀಳಿಸುವುದಿದ್ದರೆ ಹಲ್ಲಿನವರು, ಈ ಮಾತ್ರೆ ಬರೆದವರು, ಇಬ್ಬರೂ ಡಾಕ್ಟರ್‌ಗೆ ಮೊದಲೇ ಹೇಳಿ.

ಊಟದ ವಿಷಯ ಸುಲಭ. ಈ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದ ರೊಟ್ಟಿಯಲ್ಲಿ ಅದು ಬಹಳ ಕಡಿಮೆ, ಆದರೆ ರೊಟ್ಟಿ ಜೊತೆ ತಿನ್ನೋದರಲ್ಲಿ ಇದೆ. ಎಳ್ಳು, ಗುರೆಳ್ಳು ಹಿಂಡಿ, ಮೊಸರು, ನುಗ್ಗೆ ಸೊಪ್ಪಿನ ಪಲ್ಲೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ, ವಾರಕ್ಕೆ ಮೂರ್ನಾಲ್ಕು ದಿನ ಅಂಬಲಿ ಕುಡಿಯಲಿ. ಬೇಳೆ, ಕಾಳು ಬಿಡಬಾರದು, ಪ್ರೋಟೀನ್ ಬೇಕೇ ಬೇಕು. ನಮ್ಮೂರ ಬಿಸಿಲು ಸುಡುತ್ತದೆ ನಿಜ, ಆದರೆ ಮನೆಯೊಳಗೇ ಇರುವ ಹೆಂಗಸರಿಗೆ ಡಿ ವಿಟಮಿನ್ ಸಾಲುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿ. ಡಿ ವಿಟಮಿನ್‌ನ 60,000 ಯೂನಿಟ್ ಪುಡಿಯನ್ನು ಡಾಕ್ಟರ್ ಹೇಳಿದಷ್ಟು ವಾರ ಮಾತ್ರ ಕೊಡಿ.

ಇನ್ನೊಂದು ಮಾತು. ಮಂಡಿನೋವಿಗೆ ಅಂತ ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆ ತಗೋತಿದ್ದಾರಾ ನೋಡಿ. ಕೆಲವದರಲ್ಲಿ ಸ್ಟಿರಾಯ್ಡ್ ಸೇರಿಸಿರುತ್ತಾರೆ, ಅದು ಎಲುಬನ್ನು ತಿಂದುಹಾಕುತ್ತದೆ. ತುಂಬಾ ದಿನದಿಂದ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರ್‌ಗೆ ಹೇಳಿ. ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿ. ನಮ್ಮ ಜಿಲ್ಲೆಯ ಕೆಲವು ಕಡೆ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿ ಮೀರಿದೆ, ಅದೂ ಎಲುಬನ್ನು ಕೆಡಿಸುತ್ತದೆ.

ಇಷ್ಟಾದರೂ ಬಿದ್ದರೆ? ತೊಡೆಸಂದಿಯಲ್ಲಿ ನೋವು, ಕಾಲು ಗಿಡ್ಡವಾದಂತೆ ಕಾಣುತ್ತಿದೆ, ಪಾದ ಹೊರಗೆ ತಿರುಗಿದೆ ಅಂದರೆ ಎಬ್ಬಿಸಿ ನಿಲ್ಲಿಸಬೇಡಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ನಾಟಿ ಕಟ್ಟು ಕಟ್ಟಿಸಬೇಡಿ. 108ಕ್ಕೆ ಫೋನ್ ಮಾಡಿ. ತೊಡೆಸಂದಿ ಎಲುಬು ಮುರಿದಿದ್ದರೆ ಒಂದೆರಡು ದಿನದೊಳಗೆ ಆಪರೇಷನ್ ಆದಷ್ಟೂ ಒಳ್ಳೆಯದು.