ಪಿಸ್ತೂಲಿಗೆ ಹಾಸಿಗೆ ಬೇಡ

ತೊಗಲು ಕೆಲಸದ ಬಗ್ಗೆ ಓದುಗರು ಕೇಳಿದ್ದಕ್ಕೆ ಮೈಸೂರಿನ ಜೀನು ಕೆಲಸಗಾರರೊಬ್ಬರ ಉತ್ತರ

ಪ್ರಶ್ನೆ: ತಾತನ ಕಾಲದ ವೆಬ್ಲಿ ಸ್ಕಾಟ್ .32 ಪಿಸ್ತೂಲು ನಮ್ಮ ಮನೆಯಲ್ಲಿದೆ. ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಅದನ್ನು ಸೊಂಟಕ್ಕೆ ಕಟ್ಟುವ ತೊಗಲಿನ ಒರೆ, ಹಳೆಯ ಹೋಲ್‌ಸ್ಟರ್, ಹೊಲಿಗೆ ಬಿಟ್ಟು ಹಾಳಾಗಿದೆ. ಹೊಸದನ್ನು ನಾನೇ ಕೈಯಲ್ಲಿ ಹೊಲಿಯಬೇಕು ಅಂತ ಆಸೆ. ಸೋಫಾ ಮಾಡಿಸಿದಾಗ ಉಳಿದ ಒಳ್ಳೆಯ ಮೆತ್ತನೆ ಲೆದರ್ ಇದೆ. ಪಿಸ್ತೂಲಿಗೆ ಗೀರು ಬೀಳದ ಹಾಗೆ ಒಳಗೆ ವೆಲ್ವೆಟ್ ಅಥವಾ ಸ್ವೇಡ್ (ಜುಂಗಿರುವ ಮೆತ್ತನೆ ತೊಗಲು) ಹಾಕೋಣ ಅಂದುಕೊಂಡಿದ್ದೇನೆ. ಸರಿಯಾ?
ಕಾಫಿ ಬೆಳೆಗಾರ, ಸಕಲೇಶಪುರ

ಉತ್ತರ: ಸೋಫಾ ತೊಗಲನ್ನು ಸೋಫಾಗೇ ಬಿಡಿ. ವೆಲ್ವೆಟ್ ಬಳೆ ಪೆಟ್ಟಿಗೆಗೆ ಚೆನ್ನ. ನೀವು ಹೇಳಿದ ಮೂರರಲ್ಲಿ ಒಂದೂ ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಈ ಮೂರೂ ತಪ್ಪನ್ನು ಮೊದಲು ಮಾಡಿದವನು ನಾನೇ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಿಮ್ಮ ಹಾಗೇ ತೋಟದವರೊಬ್ಬರು ಬಂದು, ಒಳಗೆ ಮೆತ್ತಗಿರಲಿ ಅಂದರು. ನಾನು ಕುಂಕುಮ ಬಣ್ಣದ ವೆಲ್ವೆಟ್ ಅಂಟಿಸಿ ಕೊಟ್ಟೆ. ನೋಡೋಕೆ ಮದುವೆ ಒಡವೆ ಪೆಟ್ಟಿಗೆ ಥರ ಇತ್ತು. ಅವರಿಗೂ ಖುಷಿ, ನನಗೂ ಹೆಮ್ಮೆ. ಒಂದು ಮಳೆಗಾಲ ಕಳೆದ ಮೇಲೆ ವಾಪಸ್ ಬಂದರು. ಮಾತಾಡಲಿಲ್ಲ, ಪಿಸ್ತೂಲಿನ ಒಂದು ಬದಿ ತೋರಿಸಿದರು ಅಷ್ಟೆ. ವೆಲ್ವೆಟ್ ತಾಗುವ ಕಡೆಯೆಲ್ಲ ಸಣ್ಣ ಸಣ್ಣ ಚುಕ್ಕೆ, ರಾಗಿ ಚೆಲ್ಲಿದ ಹಾಗೆ ತುಕ್ಕು. ಬಟ್ಟೆ ಗಾಳಿಯ ತೇವ ಹೀರಿಕೊಂಡು ಕಬ್ಬಿಣಕ್ಕೆ ಒತ್ತಿಕೊಂಡು ಕೂತಿತ್ತು. ಅವತ್ತು ದುಡ್ಡು ವಾಪಸ್ ಕೊಟ್ಟೆ. ಪಿಸ್ತೂಲಿನ ಉಕ್ಕಿನ ಮೇಲಿಂದ ಹೋದ ನೀಲಿ ಮೆರುಗನ್ನು ವಾಪಸ್ ಕೊಡಲು ನನ್ನಿಂದ ಆಗಲಿಲ್ಲ.

ನಿಮ್ಮದು ಹಳೆಯ ವಿಲಾಯತಿ ಮಾಲು. ಈ .32 ವೆಬ್ಲಿಯನ್ನು 1911ರಲ್ಲಿ ಲಂಡನ್ ಪೊಲೀಸರು ತೆಗೆದುಕೊಂಡಿದ್ದರು. ಇಂಥವುಗಳ ಆಮದು ನಮ್ಮಲ್ಲಿ 1980ರ ದಶಕದಲ್ಲೇ ನಿಂತುಹೋಯಿತು. ಮೆರುಗು ಹೋದರೆ ಮತ್ತೆ ಆ ಬಣ್ಣ ಬರಿಸುವುದು ಸುಲಭ ಅಲ್ಲ. ಹಾಗಾಗಿ ತೊಗಲಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ.

ತೊಗಲು ಕೊಳ್ಳುವಾಗ ಎಲ್ಲರೂ ಬಣ್ಣ ನೋಡುತ್ತಾರೆ. ನೀವು ಹದ ಕೇಳಿ, ಅಂದರೆ ಹಸಿ ಚರ್ಮವನ್ನು ಯಾವುದರಲ್ಲಿ ಹದ ಮಾಡಿದ್ದು ಅಂತ. ಸೋಫಾ, ಜಾಕೆಟ್, ವ್ಯಾನಿಟಿ ಬ್ಯಾಗಿನ ತೊಗಲು ಸಾಮಾನ್ಯವಾಗಿ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಬೇಗ ಹದವಾಗುತ್ತೆ, ಮೆತ್ತಗಿರುತ್ತೆ, ನೀರಿಗೂ ಅಷ್ಟು ಹೆದರಲ್ಲ. ಆದರೆ ಒದ್ದೆ ಮಾಡಿ ಒತ್ತಿ ಕೂರಿಸಿದರೂ ಆಕಾರ ಹಿಡಿಯಲ್ಲ. ಒಳಗೆ ಉಳಿದ ಉಪ್ಪು ತೇವಕ್ಕೆ ಸಿಕ್ಕಿದರೆ ಕಬ್ಬಿಣಕ್ಕೆ ಕೆಡುಕು. ಅದೂ ಅಲ್ಲದೆ ಸೋಫಾ ತೊಗಲು ಸಾಮಾನ್ಯವಾಗಿ ಒಂದು, ಒಂದೂಕಾಲು ಮಿ.ಮೀ. ದಪ್ಪ. ಪಿಸ್ತೂಲು ಹೊರಗೆ ತೆಗೆದ ಕೂಡಲೇ ಹೋಲ್‌ಸ್ಟರಿನ ಬಾಯಿ ಮುಚ್ಚಿಕೊಳ್ಳುತ್ತೆ. ಮುಚ್ಚಿದ ಬಾಯಿಯೊಳಗೆ ಗುಂಡು ತುಂಬಿದ ಪಿಸ್ತೂಲನ್ನು ತುರುಕುವುದು ತಮಾಷೆಯ ಕೆಲಸ ಅಲ್ಲ. ಮಡಿಚಿಕೊಂಡ ಮೆತ್ತನೆ ತೊಗಲೇ ಪಿಸ್ತೂಲಿನ ಕುದುರೆಗೆ (ಟ್ರಿಗರ್) ಸಿಕ್ಕಿ ಅದನ್ನು ಒತ್ತಿಬಿಡಬಹುದು.

ನಿಮಗೆ ಬೇಕಾದ್ದು ತೊಗಟೆ ಹದದ ತೊಗಲು. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ನಿಧಾನಕ್ಕೆ ಹದ ಮಾಡಿದ್ದು. ತಮಿಳುನಾಡಿನ ತಿರುಚ್ಚಿ, ದಿಂಡಿಗಲ್, ಈರೋಡ್ ಕಡೆ ಈ ಕೆಲಸ ಹಿಂದಿನಿಂದಲೂ ಇದೆ. ಚೆನ್ನೈನ ಪೆರಿಯಮೇಟ್‌ಗೆ ಹೋದರೆ ಅಂಗಡಿ ಅಂಗಡಿ ತಿರುಗಿ, ಮುಟ್ಟಿ ನೋಡಿ ಕೊಳ್ಳಬಹುದು. ನಮ್ಮ ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಮಾಡುವ ತೊಗಲೂ ತೊಗಟೆ ಹದದ್ದೇ. ಒಂದು ಸಲ ಅದರಲ್ಲಿ ಹೋಲ್‌ಸ್ಟರ್ ಮಾಡಿ ನೋಡಿದೆ. ಹದ ಸರಿ, ಆದರೆ ಜಾಸ್ತಿ ಬಿರುಸು. ಸಣ್ಣ ಪಿಸ್ತೂಲಿನ ಮೂಲೆಗಳಿಗೆ ಬಗ್ಗಲಿಲ್ಲ. ಅಟ್ಟೆಗೆ ಹುಟ್ಟಿದ್ದು ಅಟ್ಟೆಗೇ ಸರಿ ಅಂತ ಬಿಟ್ಟೆ.

ಅಂಗಡಿಯವರು ತೊಗಟೆ ಹದ ಅಂದರು ಅಂತ ನಂಬಬೇಡಿ. ನನಗೇ ಒಬ್ಬರು ಕ್ರೋಮ್ ತೊಗಲಿಗೆ ಕಂದು ಬಣ್ಣ ಹಚ್ಚಿ ತೊಗಟೆ ಹದ ಅಂತ ಕೊಟ್ಟಿದ್ದರು. ಕತ್ತರಿಸಿದ ಅಂಚು ನೋಡಿ. ಒಳಗೆ ನೀಲಿ ಬೂದಿ ಗೆರೆ ಕಂಡರೆ ಕ್ರೋಮ್. ಉಗುರಿನಲ್ಲಿ ಒತ್ತಿ. ತೊಗಟೆ ಹದದ್ದರಲ್ಲಿ ಗುರುತು ಉಳಿಯುತ್ತೆ. ಒಂದು ತೊಟ್ಟು ನೀರು ಬಿಡಿ. ಮೆರುಗು ಹಚ್ಚದ ತೊಗಲಾದರೆ ಕುಡಿದು ಕಪ್ಪಾಗುತ್ತೆ. ಇಷ್ಟಕ್ಕೂ ಅನುಮಾನ ಹೋಗದಿದ್ದರೆ ಬೆರಳಗಲದ ಒಂದು ತುಂಡನ್ನು ಕುದಿಯುವ ನೀರಿಗೆ ಹಾಕಿ. ತೊಗಟೆ ಹದದ್ದು ಅರ್ಧ ನಿಮಿಷದಲ್ಲಿ ಹಪ್ಪಳದ ಥರ ಮುದುರಿಕೊಳ್ಳುತ್ತೆ. ಕ್ರೋಮ್ ಏನೂ ಆಗದ ಹಾಗೆ ತೇಲಾಡುತ್ತಿರುತ್ತೆ. ಹಾಲಿನ ಪಾತ್ರೆಯಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ. ನಾನು ಮಾಡಿ, ಮನೆಯವಳ ಹತ್ತಿರ ಎರಡು ದಿನ ಮಾತಿಲ್ಲದೆ ಊಟ ಮಾಡಿದ್ದೇನೆ.

ಹಸು ಎಮ್ಮೆ ಅಂತ ತುಂಬ ತಲೆ ಕೆಡಿಸಿಕೊಳ್ಳಬೇಡಿ. ಎಮ್ಮೆ ತೊಗಲಿನ ಮೈ ಸ್ವಲ್ಪ ಒರಟು, ಅಷ್ಟೆ. ಪ್ರಾಣಿಯ ಯಾವ ಭಾಗ ಅನ್ನುವುದು ಮುಖ್ಯ. ಬೆನ್ನು ಅಥವಾ ಹೆಗಲ ತೊಗಲು ತೆಗೆದುಕೊಳ್ಳಿ. ಹೊಟ್ಟೆಯದ್ದು ಅಗ್ಗಕ್ಕೆ ಸಿಗುತ್ತೆ, ಆದರೆ ಎಳೆದ ಕಡೆ ಎಳೆದುಕೊಂಡು ಹೋಗುತ್ತೆ. ಮಾಡಿದಾಗ ಬಿಗಿ ಇದ್ದದ್ದು ಆರು ತಿಂಗಳಿಗೆ ಜೋಳಿಗೆ.

ಇನ್ನು ಲೈನಿಂಗ್. ನಮ್ಮಪ್ಪ ಇದಕ್ಕೆ ಅಸ್ತರ್ ಅನ್ನುತ್ತಿದ್ದರು. ಲೈನಿಂಗ್ ಹಾಕದೆ ಮಾಡುವುದಾದರೆ 3 ಮಿ.ಮೀ. ಆಸುಪಾಸಿನ ಒಂದೇ ಪದರ ಸಾಕು. ಒಳಮೈಯನ್ನು ಗಾಜಿನ ಬಾಟಲಿಯಲ್ಲಿ ಚೆನ್ನಾಗಿ ಉಜ್ಜಿ ನುಣುಪು ಮಾಡಬೇಕು. ದಿನಾ ಸೊಂಟಕ್ಕೆ ಕಟ್ಟುವವರಿಗೆ ನಾನು ಹಾಗೇ ಮಾಡಿಕೊಡುತ್ತೇನೆ. ನಿಮ್ಮ ಪಿಸ್ತೂಲು ಹಳೆಯದು, ಮೆರುಗು ಉಳಿಯಬೇಕು, ಹಾಗಾಗಿ ಲೈನಿಂಗ್ ಹಾಕಿ. ಹೊರಗೆ 2ರಿಂದ 2.4 ಮಿ.ಮೀ., ಒಳಗೆ 1 ಮಿ.ಮೀ. ತೊಗಟೆ ಹದದ ಆಡಿನ ತೊಗಲು. ಎರಡರ ಮಾಂಸದ ಬದಿಯೂ, ಅಂದರೆ ಒರಟು ಬದಿಯೂ, ಒಂದಕ್ಕೊಂದು ಅಂಟಬೇಕು. ಆಡಿನ ತೊಗಲಿನ ನುಣ್ಣನೆ ಬದಿ ಪಿಸ್ತೂಲಿಗೆ ತಾಗಬೇಕು.

ಸ್ವೇಡ್ ಯಾಕೆ ಬೇಡ? ಕೈಗೆ ಅದು ರೇಷ್ಮೆ. ಆದರೆ ತೋಟದ ಧೂಳು, ಮರಳಿನ ಕಣ ಅದರ ಜುಂಗಿನಲ್ಲಿ ಕೂತರೆ ಹೊರಗೆ ಬರಲ್ಲ. ಪಿಸ್ತೂಲು ಹಾಕಿ ತೆಗೆದಾಗಲೆಲ್ಲ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ. ನುಣ್ಣನೆ ತೊಗಲಾದರೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಲೈನಿಂಗ್ ಅಂಟಿಸುವಾಗ ಹೊಸಬರೆಲ್ಲ ಒಂದು ಕಡೆ ಎಡವುತ್ತಾರೆ. ಎರಡನ್ನೂ ಮೇಜಿನ ಮೇಲೆ ಚಪ್ಪಟೆ ಹಾಸಿ ಸಲ್ಯೂಷನ್ ಹಚ್ಚಿ ಅಂಟಿಸಿಬಿಡುತ್ತಾರೆ. ಮಡಿಚಿದಾಗ ಒಳಗಿನ ತೊಗಲು ಜಾಸ್ತಿಯಾಗಿ ನೆರಿಗೆ ಬೀಳುತ್ತೆ. ನಳಿಗೆ ತುದಿಯಲ್ಲಿ ಗುರಿ ನೋಡಲು ಇರುವ ಮೊಳೆ ಆ ನೆರಿಗೆಗೇ ಸಿಕ್ಕಿಕೊಳ್ಳುತ್ತೆ. ಮೊದಲು ಅರ್ಧ ಅಂಟಿಸಿ, ಆಮೇಲೆ ಹೊರ ತೊಗಲನ್ನು ಮಡಿಚಿ ಹಿಡಿದುಕೊಂಡೇ ಉಳಿದರ್ಧ ಅಂಟಿಸಿ. ಹೆಚ್ಚಾದ ಅಂಚನ್ನು ಕೊನೆಗೆ ರಂಪಿಯಲ್ಲಿ (ತೊಗಲು ಕೊಯ್ಯುವ ಉಳಿ) ಕೊಯ್ದರಾಯಿತು. ಪಿಸ್ತೂಲು ಜಾರದ ಹಾಗೆ ಹಿಡಿಯುವ ಪಟ್ಟಿಗೆ ಟಿಚ್ ಬಟನ್ ಹಾಕುವುದಿದ್ದರೆ ಲೈನಿಂಗ್ ಅಂಟಿಸುವ ಮುಂಚೆಯೇ ಹಾಕಿ. ಅದರ ಹಿಂದಿನ ಲೋಹ ತೊಗಲಿನ ಕೆಳಗೆ ಮುಚ್ಚಿಹೋಗಬೇಕು.

ಹೊಲಿಗೆ ಎರಡು ಸೂಜಿಯದ್ದು: ದಾರದ ಎರಡೂ ತುದಿಗೆ ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಎಳೆಯಬೇಕು. ಜೇನುಮೇಣ ಎಳೆದ ದಾರ, ತೂತಿಗೆ ತೂತು 4 ಮಿ.ಮೀ. ಅಪ್ಪ ಕುದುರೆಯ ಜೀನು ಹೊಲಿಯುತ್ತಿದ್ದದ್ದೂ ಹೀಗೇ. ಮಿಷನ್ ಹೊಲಿಗೆಯಲ್ಲಿ ಒಂದು ಎಳೆ ತುಂಡಾದರೆ ಹೊಲಿಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತೆ. ಎರಡು ಸೂಜಿಯದ್ದರಲ್ಲಿ ಇನ್ನೊಂದು ಎಳೆ ಹಿಡಿದುಕೊಂಡಿರುತ್ತೆ.

ಆಕಾರ ಕೂರಿಸಲು ಉಗುರುಬೆಚ್ಚಗಿನ ನೀರು ಸಾಕು. ಬಿಸಿ ನೀರು ಬೇಡ, ಆ ಹಪ್ಪಳ ನೆನಪಿದೆಯಲ್ಲ? ನಿಜವಾದ ಪಿಸ್ತೂಲನ್ನೂ ಬಳಸಬೇಡಿ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಸಿಕ್ಕರೆ ಅದೇ ಅಳತೆಗೆ ಕೆತ್ತಿಸಿಕೊಳ್ಳಿ. ಕುದುರೆ ಸುತ್ತಲಿನ ಬಳೆ ಪೂರ್ತಿ ಮುಚ್ಚಿರಬೇಕು. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಇರುವ ಕಡೆ ಮಾತ್ರ ತೊಗಲನ್ನು ಬಿಗಿಯಾಗಿ ಒತ್ತಬೇಡಿ. ನೆರಳಲ್ಲಿ ಒಣಗಿಸಿ. ನಿಮ್ಮೂರಲ್ಲಿ ಜೂನ್ ತಿಂಗಳಲ್ಲಿ ಇದಕ್ಕೆ ಕೈ ಹಾಕಿದರೆ ತೊಗಲು ಒಣಗುವ ಮೊದಲೇ ಬೂಸ್ಟು ಬರುತ್ತೆ. ಮಾರ್ಚ್ ಒಳ್ಳೆಯದು.

ಇನ್ನೊಂದು ಮಾತು. 2016ರ ಆಯುಧ ನಿಯಮಗಳ ಪ್ರಕಾರ ಹೊರಗೆ ಒಯ್ಯುವಾಗ ಪಿಸ್ತೂಲು ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು. ಮನೆಯಲ್ಲಿ ಇಡುವಾಗ ಮಾತ್ರ ಹೋಲ್‌ಸ್ಟರಿನಿಂದ ತೆಗೆದೇ ಇಡಿ. ತೊಗಟೆ ಹದದಲ್ಲೂ ಸ್ವಲ್ಪ ಹುಳಿ ಇರುತ್ತೆ, ತೇವವನ್ನೂ ಹಿಡಿದುಕೊಳ್ಳುತ್ತೆ. ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸುತ್ತೀರಲ್ಲ, ಆಗಲೂ ಎಣ್ಣೆ ಸವರಿ, ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ಕೊಡಿ. ಹೋಲ್‌ಸ್ಟರ್ ಮನೆಯಲ್ಲಿರಲಿ.

ಪ್ರಶ್ನೆ: ನಮ್ಮ ಯಜಮಾನರು ಪೊಲೀಸ್ ಇಲಾಖೆಯಲ್ಲಿದ್ದಾರೆ. ಅವರ ಹೋಲ್‌ಸ್ಟರ್ ಮೇಲೆ ಬಿಳಿ ಪುಡಿ ಥರ ಬರುತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಿದೆ, ಮತ್ತೆ ಬಂತು. ಏನು ಮಾಡಲಿ?
ಗೃಹಿಣಿ, ಪುತ್ತೂರು

ಉತ್ತರ: ಅಮ್ಮಾ, ಮೊದಲು ಕೊಬ್ಬರಿ ಎಣ್ಣೆ ನಿಲ್ಲಿಸಿ. ತಲೆಗೆ ಅದು ಅಮೃತ, ಹೋಲ್‌ಸ್ಟರಿಗಲ್ಲ. ತೊಗಲು ಮೆತ್ತಗಾಗಿ ಹಿಡಿತ ಬಿಡುತ್ತೆ. ಆ ಬಿಳಿ ಎರಡು ಥರ ಇರುತ್ತೆ. ಕೂದಲು ಒಣಗಿಸುವ ಡ್ರೈಯರನ್ನು ದೂರದಿಂದ ಹಿಡಿಯಿರಿ. ಕರಗಿ ಮಾಯವಾದರೆ ಅದು ತೊಗಲಿನೊಳಗಿನ ಕೊಬ್ಬು ಮೇಲೆ ಬಂದದ್ದು, ಹೆದರಬೇಡಿ. ಕರಗದೆ ಉಳಿದು ಮುಗ್ಗಲು ವಾಸನೆ ಬಂದರೆ ಬೂಸ್ಟು. ಮನೆಯ ಹೊರಗೆ ಒಣ ಬ್ರಷ್‌ನಲ್ಲಿ ಉಜ್ಜಿ, ಗಾಳಿಗೆ ಇಡಿ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಜೇನುಮೇಣ ಸವರಿ. ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬೇಡಿ.

ಪ್ರಶ್ನೆ: ವಿನೆಗರ್‌ನಲ್ಲಿ ಕಬ್ಬಿಣದ ಮೊಳೆ ನೆನೆಸಿಟ್ಟು ಆ ನೀರು ಹಚ್ಚಿದರೆ ತೊಗಲು ಕಪ್ಪಾಗುತ್ತಂತೆ. ಹೋಲ್‌ಸ್ಟರಿಗೆ ಮಾಡಬಹುದಾ?
ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹೊರಮೈಗೆ ಮಾಡಬಹುದು. ಇದು ಬಣ್ಣ ಹಚ್ಚಿದ ಹಾಗಲ್ಲ. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಸೇರಿ ತೊಗಲೇ ಕಪ್ಪಾಗುತ್ತೆ. ಅಡಿಕೆ ಹೋಳಿಗೆ ಕಬ್ಬಿಣದ ಕತ್ತಿ ತಾಗಿದ ಕಡೆ ಕಪ್ಪಾಗಲ್ವಾ, ಹಾಗೆ. ಕ್ರೋಮ್ ತೊಗಲಿಗೆ ಹಚ್ಚಿದರೆ ಈ ಕಪ್ಪು ಬರಲ್ಲ. ಕಪ್ಪಾದ ಮೇಲೆ ಅಡುಗೆ ಸೋಡಾ ಕಲೆಸಿದ ನೀರಿನಲ್ಲಿ ತೊಳೆದು ಹುಳಿ ತೆಗೆಯಿರಿ. ಒಣಗಿದ ಮೇಲಷ್ಟೇ ಲೈನಿಂಗ್ ಅಂಟಿಸಿ. ಲೈನಿಂಗ್‌ಗೆ ಒಂದು ಹನಿಯೂ ತಾಗಬಾರದು.

ಅಪ್ಪನದು ವಿನೆಗರ್ ಅಲ್ಲ, ಬೆಲ್ಲದ ನೀರು. ತುಕ್ಕು ಹಿಡಿದ ಲಾಳದ ಚೂರುಗಳನ್ನು ಮಡಕೆಯಲ್ಲಿ ಹಾಕಿ ಹದಿನೈದು ಇಪ್ಪತ್ತು ದಿನ ಹುಳಿ ಬರಿಸುತ್ತಿದ್ದರು. ಆ ವಾಸನೆಗೆ ಅಮ್ಮ ಮಡಕೆಯನ್ನು ನುಗ್ಗೆ ಮರದ ಬುಡಕ್ಕೆ ಓಡಿಸಿದ್ದರು. ನೀವೂ ಮನೆಯೊಳಗೆ ಇಟ್ಟುಕೊಳ್ಳಬೇಡಿ. ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಬೇಡಿ, ಒಳಗೆ ಗಾಳಿ ತುಂಬಿ ಒಡೆಯುತ್ತೆ.