ಮಾತ್ರೆ ಶುರುವಾದ ಮೇಲೆ ಕಾಫಿ ಯಾಕೆ ಆಗಿಬರುತ್ತಿಲ್ಲ?

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ತೋಟ. ಉರಿಮೂತ್ರಕ್ಕೆ ಡಾಕ್ಟರು ಸಿಪ್ರೊಫ್ಲಾಕ್ಸಸಿನ್ ಬರೆದುಕೊಟ್ಟರು. ಎರಡನೇ ದಿನದಿಂದ ಎದೆ ಢವಢವ, ಕೈ ನಡುಕ, ರಾತ್ರಿ ನಿದ್ದೆಯೇ ಇಲ್ಲ. ಕಾಫಿ ಎಂದಿನಂತೆ ಐದು ಲೋಟ, ನಮ್ಮದೇ ರೊಬಸ್ಟಾ. ಮಾತ್ರೆ ಬಿಟ್ಟುಬಿಡಲಾ?

ಉತ್ತರ: ನೀವಾಗಿಯೇ ಮಾತ್ರೆ ಬಿಡಬೇಡಿ ಅಕ್ಕಾ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಕಾಫಿಯ ಲೆಕ್ಕವನ್ನೂ ಹೇಳಿ. ಈ ಮಾತ್ರೆಯೇ ಕೆಲವರ ನಿದ್ದೆ ಕೆಡಿಸುತ್ತದೆ, ನಿಜ. ಆದರೆ ನನಗೆ ಜಾಸ್ತಿ ಅನುಮಾನ ಆ ಐದು ಲೋಟದ ಮೇಲೆ.

ಬೇರೆ ಏನಾದರೂ ತಗೊಳ್ತೀರಾ ಅಂತ ಡಾಕ್ಟರು ಕೇಳಿದರೆ ಕೊಡಗಿನಲ್ಲಿ ಯಾರೂ ಕಾಫಿ ಅನ್ನುವುದಿಲ್ಲ. ಆದರೆ ಕಾಫಿಯಲ್ಲಿರುವ ಕೆಫೀನ್ ಕೂಡ ಔಷಧವೇ ಅಲ್ವಾ? ಅದನ್ನೂ ಲಿವರೇ ಕರಗಿಸಬೇಕು. ಅಲ್ಲಿ ಸೈಟೋಕ್ರೋಮ್ ಪಿ450 ಅನ್ನುವ ಕಿಣ್ವಗಳ ದೊಡ್ಡ ಬಳಗವೇ ಇದೆ. ನಾವು ನುಂಗುವ ಎಷ್ಟೋ ಔಷಧಗಳ ರೂಪ ಬದಲಿಸಿ, ಮೂತ್ರದಲ್ಲಿ ಹೊರಹೋಗುವ ಹಾಗೆ ಮಾಡುವುದು ಇವೇ. ಕೆಫೀನಿನ ಮಟ್ಟಿಗೆ ಹೆಚ್ಚುಕಡಿಮೆ ಎಲ್ಲ ಕೆಲಸವೂ ಸಿವೈಪಿ1ಎ2 ಅನ್ನುವ ಒಂದೇ ಕಿಣ್ವದ ತಲೆಮೇಲೆ. ಕೆಫೀನಿನ ಅಣುವಿಗೆ ಅಂಟಿಕೊಂಡಿರುವ, ಮೀಥೈಲ್ ಗುಂಪು ಅನ್ನುವ ಮೂರು ಸಣ್ಣ ತುಣುಕುಗಳಲ್ಲಿ ಒಂದನ್ನು ಅದು ಕತ್ತರಿಸುತ್ತದೆ. ಸಾಮಾನ್ಯವಾಗಿ ಸುಮಾರು 5 ಗಂಟೆಯಲ್ಲಿ ಕುಡಿದದ್ದರ ಅರ್ಧ ಹೋಗಿರುತ್ತದೆ.

ಸಿಪ್ರೊಫ್ಲಾಕ್ಸಸಿನ್ ಇದೇ ಕಿಣ್ವವನ್ನು ತಡೆದು ಹಿಡಿಯುತ್ತದೆ. ಆಗ ಬೆಳಗಿನ ಕಾಫಿ ಇನ್ನೂ ರಕ್ತದಲ್ಲಿ ಇರುವಾಗಲೇ ಹತ್ತು ಗಂಟೆಯದು ಬರುತ್ತದೆ, ಅದರ ಮೇಲೆ ಮಧ್ಯಾಹ್ನದ್ದು, ಸಂಜೆಯದು, ಹೀಗೆ ಸೇರುತ್ತಾ ಹೋಗಿ ಮಲಗುವ ಹೊತ್ತಿಗೆ ನಿಮ್ಮ ಮೈಯಲ್ಲಿ ಎಂದಿಗಿಂತ ಎಷ್ಟೋ ಜಾಸ್ತಿ ಕೆಫೀನ್ ಉಳಿದಿರುತ್ತದೆ. ಅದೂ ರೊಬಸ್ಟಾ! ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಸುಮಾರು ಎರಡು ಪಟ್ಟು.

ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಸಿಗರೇಟು ಸೇದುವವರಲ್ಲಿ ಈ ಕಿಣ್ವ ಚುರುಕು, ಬಸುರಿಯರಲ್ಲಿ ನಿಧಾನ, ಹುಟ್ಟಿನಿಂದ ಬಂದ ವ್ಯತ್ಯಾಸವೂ ಉಂಟು. ಮನೆಯಲ್ಲಿ ಯಾರಾದರೂ ಉಬ್ಬಸಕ್ಕೆ ಥಿಯೋಫಿಲಿನ್ ತಗೊಳ್ಳುತ್ತಿದ್ದರೆ ಇದನ್ನು ನೆನಪಿಡಿ. ಅದನ್ನು ಕರಗಿಸುವುದೂ ಮುಖ್ಯವಾಗಿ ಇದೇ ಕಿಣ್ವ, ಅದು ಮೈಯಲ್ಲಿ ಸೇರಿಕೊಂಡರೆ ಫಿಟ್ಸ್ ಬರುವಷ್ಟು ಅಪಾಯ.

ಕೋರ್ಸ್ ಮುಗಿಯುವ ತನಕ ಕಾಫಿ ಬಿಡಿ, ಆಗದಿದ್ದರೆ ಬೆಳಿಗ್ಗೆ ಒಂದೇ ಸಣ್ಣ ಲೋಟ. ಟೀಯಲ್ಲೂ ಕೆಫೀನ್ ಇದೆ, ಬದಲಿಗೆ ಅದನ್ನು ಹಿಡಿಯಬೇಡಿ. ಮಾತ್ರೆಯನ್ನು ನೀರಲ್ಲೇ ನುಂಗಿ. ಹಾಲಿನ ಕಾಫಿಯ ಜೊತೆ ನುಂಗಿದರೆ ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ಮದ್ದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಬೆಲ್ಲದ ಕಪ್ಪು ಕಾಫಿಗೆ ಹಾಲಿನ ತೊಂದರೆ ಇಲ್ಲ, ಕೆಫೀನಿನದು ಇದ್ದೇ ಇದೆ.

ಎದೆನೋವು, ತಲೆಸುತ್ತು ಬಂದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.