ಕೊಲೆಗಾರ ಗೊತ್ತಾದರೆ ಏನೀಗ?

ಪ್ರಿಯ ಓದುಗರೇ, ಎಂ. ಎಲ್. ರಿಯೊ ಅವರ ‘ಇಫ್ ವೀ ವರ್ ವಿಲನ್ಸ್’ (2017) ಕಾದಂಬರಿ ಅರ್ಧ ಹಿಡಿಸಿತು, ಅರ್ಧ ಬೇಜಾರಾಯಿತು ಅಂತ ಬರೆದಿದ್ದೀರಿ. ಪಾತ್ರಗಳು ಮಾತು ಮಾತಿಗೂ ಶೇಕ್ಸ್‌ಪಿಯರ್ ಸಾಲು ಒಪ್ಪಿಸುತ್ತವೆ, ಕೊಲೆಗಾರ ಬೇಗ ಗೊತ್ತಾಗುತ್ತಾನೆ, ಸಾವು ಆದಮೇಲೆ ಕಥೆ ಎಳೆಯುತ್ತದೆ ಅನ್ನುವುದು ನಿಮ್ಮ ದೂರು.

ಮೊದಲನೆಯದನ್ನು ಒಪ್ಪಿದೆ. ಏಳು ಜನ ನಾಟಕದ ವಿದ್ಯಾರ್ಥಿಗಳು, ಬಾಯಿಪಾಠ ಜಾಸ್ತಿ ಇರುತ್ತದೆ ನಿಜ, ಆದರೆ ಒಂದೆರಡು ಕಡೆ ನನಗೂ ‘ನೆಟ್ಟಗೆ ಮಾತಾಡ್ರಪ್ಪಾ’ ಅನ್ನಿಸಿತು. ಅದು ಮುಗೀತು.

ಉಳಿದದ್ದಕ್ಕೆ ಮಾತ್ರ ನಿಮ್ಮ ಜೊತೆ ಜಗಳವೇ. ‘ರೋಮಿಯೊ ಅಂಡ್ ಜೂಲಿಯೆಟ್’ನ ಶುರುವಿನ 14 ಸಾಲಿನಲ್ಲೇ ಇಬ್ಬರೂ ಸಾಯುತ್ತಾರೆ ಅಂತ ಹೇಳಿಬಿಡುತ್ತಾರೆ. ಹಾಗಂತ ಯಾರಾದರೂ ಎದ್ದು ಹೋದರಾ? ‘ಜೂಲಿಯಸ್ ಸೀಸರ್’ನಲ್ಲಿ ಸೀಸರ್ ಸಾಯುವುದು ಮೂರನೇ ಅಂಕದಲ್ಲಿ, ಅದೂ ಎಲ್ಲರ ಕಣ್ಣೆದುರೇ. ಇನ್ನೂ ಎರಡು ಅಂಕ ಬಾಕಿ.

ಕಾಲೇಜಿನಲ್ಲಿ ಆ ನಾಟಕ ಆಡಿದಾಗ ನನಗೆ ಸಿಕ್ಕಿದ್ದು ಲೂಸಿಯಸ್, ಬ್ರೂಟಸ್‌ನ ಸೇವಕ ಹುಡುಗ. ನಾಲ್ಕನೇ ಅಂಕ, ರಾತ್ರಿ, ಡೇರೆ. ಹುಡುಗ ವಾದ್ಯ ನುಡಿಸುತ್ತಾ ಹಾಗೇ ನಿದ್ದೆ ಹೋಗುತ್ತಾನೆ. ವಾದ್ಯ ಬಿದ್ದು ಒಡೆದೀತು ಅಂತ ಬ್ರೂಟಸ್ ಅದನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾನೆ. ನಾನು ಸುಮ್ನೆ ಕಣ್ಣು ಮುಚ್ಚಿ ಕೂತಿದ್ದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದದ್ದು ಸೀಸರ್‌ಗೆ ಚಾಕು ಹಾಕಿದ ಕೈ ಅಂತ ತಟ್ಟನೆ ಹೊಳೆದು ಮೈ ಜುಂ ಅಂದಿತು. ಕೊಂದವನು ಯಾರು ಅಂತ ಗೊತ್ತಿದ್ದದ್ದಕ್ಕೇ ಅಲ್ವಾ ಹಾಗಾದದ್ದು?

ರಿಯೊ ಶೇಕ್ಸ್‌ಪಿಯರನ್ನೇ ಓದಿ ಪದವಿ ಪಡೆದವರು. ಕಾದಂಬರಿಗೂ ಐದು ಅಂಕ. ಕಥೆ ಹೇಳುವ ಆಲಿವರ್ ಹತ್ತು ವರ್ಷ ಜೈಲಿನಲ್ಲಿ ಕಳೆದು ಹೊರಬರುವುದರಿಂದಲೇ ಶುರು, ಅಂದಮೇಲೆ ಅನಾಹುತವನ್ನು ಅವರು ಎಲ್ಲಿ ಬಚ್ಚಿಟ್ಟರು? (ಇನ್ನೂ ಓದದವರು ಮುಂದಿನ ಮೂರು ವಾಕ್ಯ ಬಿಟ್ಟುಬಿಡಿ.) ಬೆಳಿಗ್ಗೆ ಕೆರೆಯ ನೀರಿನಲ್ಲಿ ಆ ಏಳು ಜನರಲ್ಲೊಬ್ಬನಾದ ರಿಚರ್ಡ್ ತೇಲುತ್ತಿದ್ದಾನೆ, ಇನ್ನೂ ಉಸಿರಿದೆ. ಗೆಳೆಯರು ದಡದಲ್ಲೇ ನಿಂತಿದ್ದಾರೆ. ಹೊಡೆದವನು ಒಬ್ಬನೇ ಇರಬಹುದು, ಸುಮ್ಮನೆ ನಿಂತು ಸಾಯಲು ಬಿಟ್ಟವರು ಎಲ್ಲರೂ. ನೀವು ‘ಎಳೆತ’ ಅಂದ ಪುಟಗಳೆಲ್ಲ ಆ ನಿಂತ ಗಳಿಗೆಯ ಬಡ್ಡಿ.

ನಿಮ್ಮನ್ನೊಬ್ಬರನ್ನೇ ಯಾಕೆ ಬೈಯಲಿ. ಯಾವ ಪುಸ್ತಕದ ಹೆಸರು ಹೇಳಿದರೂ ಈಗ ಮೊದಲ ಪ್ರಶ್ನೆ ‘ಟ್ವಿಸ್ಟ್ ಇದೆಯಾ?’. ನಮ್ಮ ಟೇಬಲ್ಲಿಗೆ ಬರುವ ಕಥೆಗಳಲ್ಲಿ ವಾರಕ್ಕೊಂದಾದರೂ ಹೆಣ ಕೊನೇ ಸಾಲಿನಲ್ಲಿ ಎದ್ದು ಕೂರುತ್ತದೆ. ಎದ್ದಮೇಲೆ ಏನು ಮಾಡಿತು, ಯಾರ ಮುಖ ನೋಡಿತು, ಅದನ್ನು ಬರೆಯಲು ಯಾರಿಗೂ ಪುರುಸೊತ್ತಿಲ್ಲ.

ಪುಸ್ತಕವನ್ನು ಗೆಳತಿಗೆ ಕೊಟ್ಟುಬಿಟ್ಟೆ ಅಂದಿದ್ದೀರಿ. ವಾಪಸ್ ಇಸ್ಕೊಳ್ಳಿ. ಮೂರನೇ ಅಂಕದಿಂದ ಓದಿ.